ಕಾಗದದ ತಮ್ಮ

ದ್ಯಾವಯ್ಯನ ಮಗ ಭೀಮನನ್ನು, ಅವನಿಗಾಗಲಿ ಅವನ ಅಪ್ಪನಿಗಾಗಲಿ ತಿಳಿಸದೆ, ಚನ್ನರಾಯಪಟ್ಟಣದ ಒಬ್ಬ ಮೇಷ್ಟ್ರ ತಮ್ಮನೆಂದೂ ಹೊಳೆನರಸೀಪುರದ ಒಬ್ಬ ಎಂಜಿನಿಯರನ ತಮ್ಮನೆಂದೂ ಬರೆದು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲಾಯಿತು. ಇಬ್ಬರಿಗೂ ಕಟ್ಟಿದ ತೆರಿಗೆ ವಾಪಸ್ ಬಂತು. ಭೀಮನ ಮಾಸಾಶನ ನಿಂತಿತು.

ಹಾಸನದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇದು ನಡೆದ ಕಟ್ಟಡವಿದೆ. ಎರಡು ಅಂತಸ್ತು, ಒಬ್ಬನೇ ಮಾಲೀಕ. ಕೆಳಗೆ ಆನ್‌ಲೈನ್ ಅರ್ಜಿಗಳ ಕೌಂಟರು. ರೇಷನ್ ಕಾರ್ಡು, ವಿಧವಾ ವೇತನ, ಅಂಗವಿಕಲರ ಮಾಸಾಶನ ಎಂದು ಸರ್ಕಾರದಿಂದ ಏನಾದರೂ ಕೇಳಬೇಕಾದವರೆಲ್ಲ ಅಲ್ಲಿ ಬಿಸಿಲಿಗೆ ಸಾಲು ನಿಲ್ಲುತ್ತಿದ್ದರು. ಮೇಲೆ ತೆರಿಗೆ ಸಲಹೆಯ ಕಚೇರಿ. ಸರ್ಕಾರಕ್ಕೆ ಆದಷ್ಟೂ ಕಡಿಮೆ ಕೊಡಬೇಕೆಂದು ಬಂದವರು ಅಲ್ಲಿ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಕೆಳಗಿನ ಸಾಲಿನವರಿಗೆ ಮೆಟ್ಟಿಲು ಹತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಅವರು ಕೊಟ್ಟುಹೋದ ಜೆರಾಕ್ಸ್ ಪ್ರತಿಗಳು ಮಾತ್ರ ಸದ್ದಿಲ್ಲದೆ ಮೇಲಕ್ಕೆ ಹತ್ತುತ್ತಿದ್ದವು. ಅದು ರಂಜಿತಾಗೆ ತಡವಾಗಿ ಗೊತ್ತಾಯಿತು.

ರಂಜಿತಾ ಮೇಲಿನ ಕಚೇರಿಯವಳು. ಹರದನಹಳ್ಳಿಯಿಂದ ದಿನಾ ಬಸ್ಸು ಹಿಡಿದು ಬಂದುಹೋಗುವವಳು, ಬಿ.ಕಾಂ. ಮುಗಿಸಿದವಳು. ತಂಗಿಯ ನರ್ಸಿಂಗ್ ಓದು ನಡೆಯುತ್ತಿದ್ದದ್ದು ಇವಳ ಸಂಬಳದಿಂದ. ಮಾಲೀಕ ಶಿವಕುಮಾರ್ ಅವಳಿಗೆ ಕೊಟ್ಟಿದ್ದ ಕೆಲಸದ ಹೆಸರು ಪರಿಶೀಲನೆ. ಗಿರಾಕಿ ಹೇಳುವ ಆದಾಯ ನಿಜವೇ, ತೆರಿಗೆಯ ಲೆಕ್ಕದಿಂದ ಕಳೆಯಿರಿ ಎಂದು ಕೇಳುವ ಖರ್ಚು ನಿಜವೇ ಎಂದು ನೋಡಿ, ಕಂಪ್ಯೂಟರಿನಲ್ಲಿ ತನ್ನ ಹೆಸರಿನ ಮುಂದೆ ಟಿಕ್ ಹಾಕಬೇಕು. ಆ ಟಿಕ್ ಬೀಳದೆ ರಿಟರ್ನ್ ಮುಂದಕ್ಕೆ ಹೋಗುತ್ತಿರಲಿಲ್ಲ.

ಆದಾಯ ನೋಡುವುದು ಸುಲಭ. ಸಂಬಳ ಕೊಟ್ಟ ಇಲಾಖೆ ಎಷ್ಟು ಕೊಟ್ಟೆ, ಎಷ್ಟು ಹಿಡಿದೆ ಎಂದು ಮೊದಲೇ ಬರೆದುಕೊಟ್ಟಿರುತ್ತದೆ. ಬ್ಯಾಂಕಿನವರು ಬಡ್ಡಿಯ ಲೆಕ್ಕ ಒಪ್ಪಿಸಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿದರೆ ಆಯಿತು.

"ಆದಾಯ ಮಾತ್ರ ಮುಟ್ಟಬ್ಯಾಡ," ಎಂದು ಅವಳು ಸೇರಿದ ಹೊಸತರಲ್ಲೇ ಶಿವಕುಮಾರ್ ಪಾಠ ಹೇಳಿದ್ದ. "ಅದು ಇಲಾಖೆಗೆ ಮೊದ್ಲೇ ಗೊತ್ತಿರ್ತದೆ. ಕಳೆಯೋದು ಹಂಗಲ್ಲ ಕಣಮ್ಮ. ಅದು ನಾವ್ ಹೇಳಿದಂಗೆ."

ಮೊದಲ ವರ್ಷ ಅವಳು ನಿಜಕ್ಕೂ ಪರಿಶೀಲಿಸಲು ಹೊರಟಿದ್ದಳು. ಅರಕಲಗೂಡಿನ ಗುಮಾಸ್ತನೊಬ್ಬ ಮನೆ ಬಾಡಿಗೆಯ ರಸೀದಿಗಳ ಕಂತೆ ತಂದಿದ್ದ.

"ಮನೆ ಓನರ್ ಯಾರು ಸಾ?"

"ನಮ್ಮನೆಯೋರೇ."

"ಅಂದ್ರೆ ನಿಮ್ ಮಿಸೆಸ್ಸಾ? ಅವ್ರು ಎಲ್ಲಿರ್ತಾರೆ?"

"ಅದೇ ಮನೇಲಿ ಕಣಮ್ಮ. ಮತ್ತೇನು, ಬಾಡಿಗೇನೂ ಕೊಟ್ಟು ಜಗಲಿ ಮೇಲೆ ಮಲಗ್ಲಾ?"

ಕಚೇರಿಯೆಲ್ಲ ನಕ್ಕಿತ್ತು. ಆಮೇಲೆ ಶಿವಕುಮಾರ್ ಒಳಗೆ ಕರೆದು ಹೇಳಿದ: "ನಾವೇನ್ ಪೊಲೀಸ್ನೋರಾ? ಇಷ್ಟೆಲ್ಲ ಕೇಳಿದ್ರೆ ಗಿರಾಕಿ ಎದುರಿನ ಆಫೀಸಿಗೆ ಹೋಗ್ತಾನೆ. ಕಾಗದ ಇದ್ಯಾ ನೋಡು. ಇದ್ರೆ ಟಿಕ್ ಹಾಕು. ಇಲ್ದಿದ್ರೆ ನಂಗೆ ಹೇಳು, ಬತ್ತದೆ."

ಕಾಗದ ಬರುತ್ತಿತ್ತು. ಎಲ್ಲಿಂದ ಎಂದು ಕೇಳುವವರು ಯಾರು? ವಾಪಸ್ ಬಂದ ತೆರಿಗೆಯಲ್ಲಿ ಕಚೇರಿಗೂ ಒಂದು ಪಾಲಿತ್ತು. ಹೆಚ್ಚು ಕಳೆದಷ್ಟೂ ಹೆಚ್ಚು ವಾಪಸ್ಸು. ರಂಜಿತಾ ಬರಬರುತ್ತ ಕಾಗದವನ್ನು ಕಾಗದದ ಜೊತೆ ತಾಳೆ ನೋಡುವುದನ್ನೇ ಪರಿಶೀಲನೆ ಎಂದುಕೊಂಡಳು. ಕಾಗದದ ಹಿಂದೆ ಇರುವ ಮನುಷ್ಯನ ಜೊತೆ ತಾಳೆ ನೋಡುವುದನ್ನು ಅವಳಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಆ ಮನುಷ್ಯ ಮೆಟ್ಟಿಲು ಹತ್ತಿ ಬಂದ. ಹತ್ತಿ ಬಂದ ಎನ್ನುವುದು ತಪ್ಪು. ಅಪ್ಪನ ಬೆನ್ನ ಮೇಲೆ ಬಂದ. ದ್ಯಾವಯ್ಯ ಏದುಸಿರು ಬಿಡುತ್ತ ಮಗನನ್ನು ಗಿರಾಕಿಗಳ ಕುರ್ಚಿಗೆ ಇಳಿಸಿ, ಜಾರದ ಹಾಗೆ ಹೆಗಲವಸ್ತ್ರದಿಂದ ಸೊಂಟವನ್ನು ಕುರ್ಚಿಗೆ ಕಟ್ಟಿದ. ಭೀಮನಿಗೆ ಇಪ್ಪತ್ತೆರಡು ವರ್ಷ. ಚಿಗುರು ಮೀಸೆ, ಕಡ್ಡಿಯಂಥ ಕಾಲು, ಎದೆಗೆ ಒತ್ತಿಕೊಂಡ ಎರಡು ಬಿಗಿ ಮುಷ್ಟಿ. ಕೈಕಾಲು ಹುಟ್ಟಿದಾಗಿನಿಂದ ಹಾಗೆಯೇ. ಕಾಫಿ ಕುಡಿಯುತ್ತಿದ್ದ ಗಿರಾಕಿಯೊಬ್ಬ ಲೋಟ ಎತ್ತಿಕೊಂಡು ಆಚೆ ಕುರ್ಚಿಗೆ ಹೋದ.

"ಅವ್ವಾ, ಓದೊರ್ಸ ಕೆಳುಗ್ಲ ಆಪೀಸ್ನಾಗೆ ಇವನ ಬೆಳ್ಳು ಬುಡಿಸಿ ಮಿಸಿನ್ ಮ್ಯಾಲೆ ಇಕ್ಕಿದೋಳು ನೀನೇ ಅಲ್ವಾ?" ಎಂದ ದ್ಯಾವಯ್ಯ.

ರಂಜಿತಾಗೆ ನೆನಪಾಯಿತು. ಕೆಳಗಿನ ಕೌಂಟರಿನ ಹುಡುಗಿ ನಿಸರ್ಗ ರಜೆ ಹಾಕಿದ್ದ ದಿನ ಅವಳೇ ಇಳಿದು ಕೂತಿದ್ದಳು. ಈ ಹುಡುಗನ ಬೆರಳಚ್ಚು ಬೇಕಿತ್ತು, ಮುಷ್ಟಿ ಬಿಚ್ಚುತ್ತಿರಲಿಲ್ಲ. ಅವಳು ಒಂದೊಂದೇ ಬೆರಳು ಎಳೆಯಹೋದಾಗ ದ್ಯಾವಯ್ಯ ತಡೆದಿದ್ದ. "ಎಳೀಬ್ಯಾಡ ತಾಯಿ, ಎಳದಷ್ಟೂ ಬಿಗಿ ಆಯ್ತದೆ. ಮಣಿಕಟ್ಟು ಒಳುಕ್ಕೆ ಬಗ್ಸು. ಅಂಗೇ. ಈಗ ಮುಂಗೈ ಸವುರು." ಸವರುತ್ತಿದ್ದ ಹಾಗೆ ಬೆರಳುಗಳು ತಾವಾಗಿ, ಮೊಗ್ಗು ಬಿರಿದಂತೆ ಬಿಚ್ಚಿಕೊಂಡಿದ್ದವು. ಅವಳಿಗೆ ಅಂದು ಏನೋ ದೊಡ್ಡ ವಿದ್ಯೆ ಕಲಿತ ಖುಷಿ. ಮನೆಗೆ ಹೋಗಿ ಅಮ್ಮನಿಗೂ ಹೇಳಿದ್ದಳು.

"ಏನಾಯ್ತು ದ್ಯಾವಯ್ಯಾರೆ?"

"ಪೆನ್ಸನ್ ನಿಂತೋಯ್ತು ಕಣವ್ವ. ತಾಲ್ಲೂಕಾಪೀಸ್ನಾಗೆ ಕೇಳುದ್ರೆ, ನಿನ್ ಮಗ ಟ್ಯಾಕ್ಸ್ ಕಟ್ಟೋರ ಮನೆಯೋನು, ಅವನ್ಗೆ ಬರಾಕಿಲ್ಲ ಅಂತವ್ರೆ. ನಾನು ಕಂಡೋರ ಬ್ಯಾರನ್ನಿಗೆ ಸೌದೆ ಆಕಿ ಒಗೆಸೊಪ್ಪು ಬೇಯ್ಸೋನು. ಟ್ಯಾಕ್ಸ್ ಎಲ್ಲಿಂದ ಕಟ್ಲಿ? ಕೆಳುಗ್ಲ ಮಗು, ಟ್ಯಾಕ್ಸ್ ಇಚಾರ ಮ್ಯಾಲೆ ಕೇಳಿ ಅಂತು."

ಭೀಮನ ಮಾತು ತಡೆತಡೆದು ಬರುತ್ತಿತ್ತು. ಒಂದೊಂದು ಪದಕ್ಕೂ ಅವನ ಕತ್ತು ಒಂದು ಸುತ್ತು ತಿರುಗುತ್ತಿತ್ತು. ಆದರೆ ಕಾದು ಕೂತವರಿಗೆ ಪ್ರತಿ ಅಕ್ಷರವೂ ಸಿಗುತ್ತಿತ್ತು. "ನಮ್ಮಪ್ಪ... ಸಾವ್ಕಾರ ಕಣಕ್ಕ. ನಂಗೇ... ಏಳಿಲ್ಲ ಬಡ್ಡೀಮಗ."

"ಸುಮ್ಕಿರ್ಲಾ," ಎಂದು ದ್ಯಾವಯ್ಯ ಗದರಿದ. ಗದರಿಕೆಯಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ.

ರಂಜಿತಾ ಭೀಮನ ಅಂಗವಿಕಲರ ಕಾರ್ಡು ಇಸಿದುಕೊಂಡಳು. ಏನೂ ಸಿಗಲಾರದು ಎಂಬ ಧೈರ್ಯದಿಂದಲೇ ಅದರ ಸಂಖ್ಯೆಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದಳು. ಎರಡು ಸಾಲು ಬಂದವು. ರವೀಂದ್ರ, ಶಾಲಾ ಶಿಕ್ಷಕ, ಚನ್ನರಾಯಪಟ್ಟಣ. ಅವಲಂಬಿತ ಭೀಮ, ಸಂಬಂಧ ತಮ್ಮ. ದೇವರಾಜ್, ಎಂಜಿನಿಯರ್, ಹೊಳೆನರಸೀಪುರ. ಅವಲಂಬಿತ ಭೀಮ, ಸಂಬಂಧ ತಮ್ಮ. ಎರಡರ ಕೊನೆಯಲ್ಲೂ ಪರಿಶೀಲಿಸಿದವರು ಎಂಬ ಕಡೆ ಅವಳ ಹೆಸರು, ಹಸಿರು ಟಿಕ್ಕು.

ಮನೆಯಲ್ಲಿ ಅಂಗವಿಕಲರಿದ್ದು ಅವರನ್ನು ಸಾಕುತ್ತಿರುವವರಿಗೆ ತೆರಿಗೆಯಲ್ಲಿ ಒಂದು ವಿನಾಯಿತಿ ಉಂಟು. ಆದರೆ ಅವರು ಹೆತ್ತವರೋ, ಕಟ್ಟಿಕೊಂಡವರೋ, ಮಕ್ಕಳೋ, ಒಡಹುಟ್ಟಿದವರೋ ಆಗಿರಬೇಕು. ಹೋದ ವರ್ಷ ರವೀಂದ್ರನ ಕಡತದಲ್ಲಿ ಈ ಕಾರ್ಡಿನ ಜೆರಾಕ್ಸ್ ಇತ್ತು. ಫೋಟೋ ಮಸಿಯಾಗಿ ಮುಖವೇ ಕಾಣುತ್ತಿರಲಿಲ್ಲ. ಸಂಖ್ಯೆ ಸರಿಯಿತ್ತು, ಮೊಹರು ಸರಿಯಿತ್ತು. ಅಪ್ಪನ ಹೆಸರು ಬೇರೆ ಇದೆಯಲ್ಲ ಎಂದು ಅವಳು ಕೇಳಿಯೂ ಇದ್ದಳು. "ದೊಡ್ಡಪ್ಪನ ಮಗ ಕಣಮ್ಮ, ಅವ್ರ ಮನೇಲೇ ಬೆಳ್ದವ್ನೆ" ಎಂದಿದ್ದ ಶಿವಕುಮಾರ್. ದೊಡ್ಡಪ್ಪನ ಮಗ ತಮ್ಮನಲ್ಲದೆ ಇನ್ನೇನು? ಅವಳ ಮನೆಯಲ್ಲೂ ದೊಡ್ಡಪ್ಪನ ಮಕ್ಕಳೆಲ್ಲ ಅಣ್ಣಂದಿರೇ, ಹಬ್ಬಕ್ಕೆ ಸೀರೆ ತರುವವರೇ. ಕಾನೂನು ಹಾಗೆ ಹೇಳುವುದಿಲ್ಲ ಎಂದು ಗೊತ್ತಿದ್ದೂ ಅವಳ ಬೆರಳು ಟಿಕ್ ಒತ್ತಿತ್ತು. ದೇವರಾಜನ ಕಡತ ಬಂದಾಗ ಅದೇ ಸಂಖ್ಯೆ ಎಂದು ಅವಳಿಗೆ ಹೊಳೆಯಲೂ ಇಲ್ಲ. ಆ ವಾರ ಮುನ್ನೂರು ಕಡತ ಇದ್ದವು.

"ಅಕ್ಕಾ," ಎಂದ ಭೀಮ. ಮನೆಯಲ್ಲೇ ಓದು ಕಲಿತವನು, ಅವನ ಕಣ್ಣು ಪರದೆಯ ಮೇಲಿತ್ತು. "ಅದ್ರಾಗೆ ನನ್ನೆಸ್ರು ಐತೆ. ಮುಂದ್ಲೋನು... ಯಾರು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ರವೀಂದ್ರ ಅಂತ. ಮೇಷ್ಟ್ರು. ನೀನು ಅವ್ರ ತಮ್ಮ ಅಂತ ಬರ್ದದೆ. ಇನ್ನೊಬ್ರು ದೇವರಾಜ್ ಅಂತ. ಅವ್ರಿಗೂ ತಮ್ಮ."

ಭೀಮನ ಕತ್ತು ಒಂದು ಸುತ್ತು ತಿರುಗಿತು. ನಗುವಿಗೆ ಮೈಯೆಲ್ಲ ಕುಲುಕಿತು. "ಇಬ್ರು ಅಣ್ದೀರು! ಊಟುಕ್ಕೆ... ಯಾವಾಗ ಕರೀತಾರಂತೆ?"

ದ್ಯಾವಯ್ಯ ನಗಲಿಲ್ಲ. ಸೌದೆ ಎತ್ತಿ ಎತ್ತಿ ಬಿರಿದ ಕೈಯನ್ನು ಮೇಜಿನ ಮೇಲಿಟ್ಟು, "ತಪ್ಪಾಗಿ ಬರ್ದಿದ್ರೆ ಅಳಿಸ್ಬುಡವ್ವ" ಎಂದ. ಸ್ಲೇಟಿನ ಮೇಲಿನ ಅಕ್ಷರವೇನೋ ಎಂಬಂತೆ.

ಅವರು ಹೋದ ಮೇಲೆ ರಂಜಿತಾ ಕೆಳಗಿಳಿದು ನಿಸರ್ಗಳನ್ನು ಕೇಳಿದಳು: "ಇಲ್ಲಿ ಕೊಡೋ ಜೆರಾಕ್ಸೆಲ್ಲ ಏನ್ಮಾಡ್ತೀಯೇ?"

"ಸಾರ್ ತಿಂಗ್ಳಿಗೊಂದ್ಸಲ ಮೇಲೆ ತರಿಸ್ಕೋತಾರಲ್ಲಕ್ಕ. ಅಂಗವಿಕಲರದ್ದು, ಕ್ಯಾನ್ಸರ್‌ನೋರದ್ದು ಬೇರೆ ಮಾಡಿ ಇಡು ಅಂದವ್ರೆ. ಯಾಕಕ್ಕ?"

ಅಂದಿನಿಂದ ರಂಜಿತಾ ಅಳಿಸಲು ಹೊರಟಳು. ಅಳಿಸುವ ಗುಂಡಿ ಅವಳ ಕಂಪ್ಯೂಟರಿನಲ್ಲಿ ಇರಲಿಲ್ಲ. ಸಲ್ಲಿಸಿದ ರಿಟರ್ನನ್ನು ತಿದ್ದಬೇಕಾದರೆ ಅದರ ಒಡೆಯನೇ ಒಪ್ಪಬೇಕು. ತೆರಿಗೆ ಸಹಾಯವಾಣಿಗೆ ಫೋನು ಮಾಡಿದಳು. ದೂರುದಾರರ ಪ್ಯಾನ್ ಸಂಖ್ಯೆ ಹೇಳಿ ಎಂದರು. ದೂರುದಾರನಿಗೆ ಪ್ಯಾನ್ ಇಲ್ಲ, ಅವನು ತೆರಿಗೆ ಕಟ್ಟುವವನಲ್ಲ ಎಂದಳು. ಹಾಗಾದರೆ ದೂರು ದಾಖಲಾಗುವುದಿಲ್ಲ ಮೇಡಂ ಎಂದು ಆ ಕಡೆಯ ಹುಡುಗಿ ಬಹಳ ವಿನಯದಿಂದ ಹೇಳಿದಳು. ತಾಲ್ಲೂಕು ಕಚೇರಿಗೆ ಫೋನು ಮಾಡಿದಳು. ತೆರಿಗೆಯವರ ಪಟ್ಟಿಯಲ್ಲಿ ಹೆಸರು ಮೇಲಿನಿಂದ ಬಂದಿದೆ, ನಾವು ಏನೂ ಮಾಡುವ ಹಾಗಿಲ್ಲ, ತೆರಿಗೆಯವರಿಂದ ಒಂದು ಪತ್ರ ತನ್ನಿ ಎಂದರು.

ತೆರಿಗೆ ಕಟ್ಟುವವರ ಮನೆಯವನು ಎಂದು ಮಾಸಾಶನ ಹೋಯಿತು. ತೆರಿಗೆ ಕಟ್ಟುವವನಲ್ಲ ಎಂದು ದೂರು ಹೋಯಿತು. ಈ ದೇಶದಲ್ಲಿ ಬಡವನೊಬ್ಬನ ಮುಂದೆ ಬಾಗಿಲು ಹಾಕಲು ಒಂದೇ ಕಾರಣ ಸಾಕಾಗುತ್ತಿತ್ತು. ಭೀಮನಿಗೆ ಒಂದಕ್ಕೊಂದು ವಿರುದ್ಧವಾದ ಎರಡು ಕೊಟ್ಟಿದ್ದರು, ಎರಡೂ ಸಕ್ರಮ.

ಉಳಿದದ್ದು ರವೀಂದ್ರ ಮೇಷ್ಟ್ರು. ಭಾನುವಾರ ಅವಳು ಹಾಸನಕ್ಕೆ ಬಂದು ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಶಾಂತಿಗ್ರಾಮದಲ್ಲಿ ಹಾಲಿನ ಕ್ಯಾನು ಇಳಿಸಲು ಬಸ್ಸು ನಿಂತಾಗ, ಇಳಿದು ವಾಪಸ್ ಹೋಗಿಬಿಡೋಣವೇ ಎಂದುಕೊಂಡಳು. ಬಸ್ಸು ಹೊರಟಿತು, ಅವಳು ಕೂತೇ ಇದ್ದಳು.

ಮೇಷ್ಟ್ರು ಕೆಟ್ಟವರಲ್ಲ. ಬಾಗಿಲಿಗೆ ಬಂದವಳನ್ನು ಒಳಗೆ ಕರೆದು, ಹೆಂಡತಿಗೆ ಕಾಫಿ ಇಡಲು ಹೇಳಿದರು. ವಿಷಯ ಕೇಳಿ ಅವರ ಬಾಯಿ ತೆರೆದೇ ಇತ್ತು.

"ನಂಗೆ ತಮ್ಮನಾ? ನಂಗೆ ತಮ್ಮನೇ ಇಲ್ವಲ್ಲಮ್ಮ! ಒಬ್ಳು ತಂಗಿ, ಅವ್ಳನ್ನ ಕಡೂರಿಗೆ ಕೊಟ್ಟಿದೀವಿ."

"ನೀವೇ ಸಲ್ಲಿಸಿದ್ದು ಸಾ ಅದು. ನಿಮ್ ಒಟಿಪಿ ಮೇಲೆ ಹೋಗಿರೋದು."

"ಒಟಿಪಿ ಕೇಳಿದ್ರಿ, ಕೊಟ್ಟೆ. ನಮ್ ಸ್ಟಾಫ್ ರೂಮಲ್ಲಿ ಎಲ್ರೂ ಕೊಟ್ರು. ಅಷ್ಟು ವಾಪಸ್ ಬಂತು, ಪರವಾಗಿಲ್ವೇ ಅನ್ಕೊಂಡೆ. ಹೆಂಗೆ ಬಂತು ಅಂತ..." ಮೇಷ್ಟ್ರು ನಿಲ್ಲಿಸಿದರು. ಹೇಗೆ ಬಂತು ಎಂದು ಕೇಳದೆ ಇದ್ದದ್ದು ತಾವೇ ಎಂದು ಅವರಿಗೂ ತಿಳಿದಂತಿತ್ತು. "ಈಗ ಇಲಾಖೆಯಿಂದ ನೋಟಿಸ್ ಬೇರೆ ಬಂದಿದೆ. ಆ ತಮ್ಮನ್ನ ನೀವೇ ಸಾಕ್ತಿದೀರಿ ಅನ್ನೋದಕ್ಕೆ ಪುರಾವೆ ಕೊಡಿ ಅಂತ. ಶಿವಕುಮಾರ್‌ಗೆ ಕೊಟ್ಟಿದೀನಿ. ಅವ್ರು ನೋಡ್ಕೋತೀನಿ ಅಂದವ್ರೆ."

"ತಪ್ಪಾಗಿದೆ ಅಂತ ನೀವೇ ಒಪ್ಕೊಂಡು ತಿದ್ದಿದ್ರೆ ಅವ್ನ ಹೆಸ್ರು ಬಿಟ್ಟೋಗ್ತದೆ ಸಾ. ನಾನೇ ಮಾಡ್ಕೊಡ್ತೀನಿ. ಒಂದು ರೂಪಾಯಿ ಬೇಡ."

ಒಳಗೆ ಪಾತ್ರೆಯ ಸದ್ದು ನಿಂತಿತು. ಮೇಷ್ಟ್ರು ಆ ಕಡೆ ನೋಡಿ, ದನಿ ತಗ್ಗಿಸಿದರು. "ಒಪ್ಕೊಳ್ಳೋದು ಅಂದ್ರೆ ಸುಳ್ ಹೇಳಿದ್ದೆ ಅಂತ ಬರ್ದುಕೊಟ್ಟಂಗೆ. ಬಡ್ಡಿ, ದಂಡ ಹಾಳಾಗಿಹೋಗ್ಲಿ, ನಾಳೆ ನನ್ ಡಿಪಾರ್ಟ್‌ಮೆಂಟ್ ಸುಮ್ನೆ ಬಿಡುತ್ತಾ? ಎನ್‌ಕ್ವೈರಿ ಇಟ್ರೆ?" ಸ್ವಲ್ಪ ಹೊತ್ತು ಕಾಲಬೆರಳಿನಿಂದ ನೆಲದ ಟೈಲ್ಸಿನ ಗೆರೆ ಉಜ್ಜಿದರು. "ಒಂದ್ ಕೆಲ್ಸ ಮಾಡ್ತೀನಮ್ಮ. ಆ ಹುಡುಗನಿಗೆ ತಿಂಗ್ಳಾ ನಾನೇ ಏನಾದ್ರೂ ಕೊಟ್ಟುಬಿಡ್ತೀನಿ. ಕೈಯಾರೆ."

"ಅವ್ನು ಕೇಳ್ತಿರೋದು ನಿಮ್ದಲ್ಲ ಸಾ. ಅವನದು."

ಕಾಫಿ ಬಂತು, ಅವಳು ಕುಡಿದಳು. ಬಿಟ್ಟು ಎದ್ದು ಬರುವಷ್ಟು ಕೆಚ್ಚು ಅಂದು ಅವಳಲ್ಲಿ ಇರಲಿಲ್ಲ. ಅವಳು ಬಸ್‌ಸ್ಟ್ಯಾಂಡು ಮುಟ್ಟುವ ಮೊದಲೇ ಶಿವಕುಮಾರನಿಗೆ ಫೋನು ಹೋಗಿತ್ತು.

ಸೋಮವಾರ ಶಿವಕುಮಾರ್ ಬೈಯಲಿಲ್ಲ. ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಹಣೆಯ ವಿಭೂತಿ ಸರಿಮಾಡಿಕೊಂಡು, ಅವಳನ್ನು ಎದುರು ಕೂರಿಸಿಕೊಂಡ.

"ಬಸ್ ಚಾರ್ಜ್ ನಮ್ ಆಫೀಸಿಂದ ಇಸ್ಕೊ. ಗಿರಾಕಿ ಮನೆಗೆ ಹೋಗಿದ್ದೆ ಅಲ್ವಾ, ಆಫೀಸ್ ಕೆಲಸಾನೇ ಅದು." ನಕ್ಕ. "ರಂಜಿತಾ, ಆ ಎರಡ್ರ ಮೇಲೂ ಟಿಕ್ ಯಾರದು?"

ಅವಳು ತನ್ನ ಮೇಜಿನ ಕಂಪ್ಯೂಟರಿನ ಕಡೆ ತಿರುಗಿದಳು.

"ನಂದಲ್ಲ ಕಣಮ್ಮ. ನಾಳೆ ಯಾರಾದ್ರೂ ಬಂದು ಕಂಪ್ಯೂಟರ್ ತೆಗೆಸಿದ್ರೆ ನನ್ನೆಸರು ಎಲ್ಲೂ ಇಲ್ಲ. ಹೆದ್ರಿಸ್ತಿಲ್ಲ. ನಿನ್ ಒಳ್ಳೇದಕ್ಕೇ ಹೇಳ್ತಿರೋದು, ಇದನ್ನ ಮುಗಿಸ್ಬಿಡಣ. ದೇವರಾಜ್‌ದು ನಾನೇ ತಿದ್ದಿ ಹಾಕಿದೀನಿ. ಅವ್ರು ಬೇಕಾದೋರು, ದಂಡಾನೂ ನಾನೇ ಕಟ್ಟಿದೀನಿ. ಈಗ ಹುಡುಗ ಒಂದೇ ಮನೆ ತಮ್ಮ. ಮೇಷ್ಟ್ರ ನೋಟಿಸಿಗೆ ಪುರಾವೆ ಕೊಟ್ರೆ ಆಯ್ತು. ಮೇಷ್ಟ್ರ ಅಪ್ಪ ಅವನನ್ನ ಕೂಸಾಗಿದ್ದಾಗ್ಲೇ ಕರ್ಕೊಂಡ್ ಬಂದು ಸಾಕಿದ್ರು, ಅವ್ರು ತೀರ್ಕೊಂಡ್ಮೇಲೆ ಮೇಷ್ಟ್ರು ಸಾಕ್ತಾವ್ರೆ. ಹಂಗಂತ ಒಂದು ಅಫಿಡವಿಟ್ಟು. ಹುಡುಗ ಮೇಜರು, ಅವನ ಹೆಬ್ಬೆಟ್ಟು ಬೇಕು. ಅಪ್ಪಂದೂ ಬೇಕು. ಇಬ್ರೂ ನಿನ್ನ ನಂಬ್ತಾರೆ. ಬುಧವಾರ ಹೋಗ್ಬರಣ."

"ದ್ಯಾವಯ್ಯ ಒಪ್ತಾರಾ ಸಾ?"

"ಫೋನ್ ಮಾಡಿದ್ದೆ. ಪೆನ್ಷನ್ ಕಾಗದ ಅಂದಿದೀನಿ. ಕೈಗೂ ಏನಾದ್ರೂ ಕೊಡಣ."

"ಅದನ್ನ ಬರ್ದುಕೊಟ್ರೆ ಪೆನ್ಷನ್ ಇನ್ಯಾವತ್ತೂ ಬರಲ್ಲ ಸಾ. ಸಂಬಳದೋರ ಮನೇಲಿ ಬೆಳ್ದೋನು ಅಂತ ಅವ್ನೇ ಒಪ್ಕೊಂಡಂಗಾಗ್ತದೆ."

"ಅದು ಅವ್ರಿಗೆ ಗೊತ್ತಾ?"

"ಇಲ್ಲ."

"ಮತ್ತೆ?" ಎಂದ ಶಿವಕುಮಾರ್. ನಿಜಕ್ಕೂ ಅರ್ಥವಾಗದೆ ಕೇಳಿದ ಹಾಗೆ.

ಬುಧವಾರ ಅವಳು ಕಾರು ಹತ್ತಿದಳು. ಯಾಕೆ ಹತ್ತಿದೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ತಾನು ಹೋಗದಿದ್ದರೆ ಬೇರೆ ಯಾರೋ ಹೋಗುತ್ತಾರೆ, ಹೋದರೆ ಕಾಗದದಲ್ಲಿ ಏನಿದೆ ಎಂದಾದರೂ ಹೇಳಬಹುದು ಎಂಬ ಉತ್ತರ ಸಿಕ್ಕಿತು. ಅದರ ಕೆಳಗೆ ತಂಗಿಯ ಫೀಸು ಇತ್ತು, ಹಸಿರು ಟಿಕ್ಕೂ ಇತ್ತು. ಅರಕಲಗೂಡು ದಾಟಿದ ಮೇಲೆ ದಾರಿಯ ಎರಡೂ ಕಡೆ ಸೊಪ್ಪು ಬೇಯಿಸುವ ಬ್ಯಾರನ್ನುಗಳು ಹೊಗೆಯಾಡುತ್ತಿದ್ದವು. ಗಾಜು ಏರಿಸಿದ್ದರೂ ಬೇಯುತ್ತಿರುವ ಹೊಗೆಸೊಪ್ಪಿನ ಘಾಟು ಕಾರಿನೊಳಗೆ ಬಂದು ಕೂತಿತು. ಅವಳ ತೊಡೆಯ ಮೇಲೆ ಅಫಿಡವಿಟ್ಟಿನ ಲಕೋಟೆ, ಮಸಿಪ್ಯಾಡು. ನೋಟರಿಯ ಮೊಹರು ಆಗಲೇ ಬಿದ್ದಿತ್ತು. ನನ್ನ ಸಮ್ಮುಖದಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ ಎಂದು ನೋಟರಿ ಹಾಸನದಲ್ಲೇ ಕೂತು ಬರೆದುಕೊಟ್ಟಿದ್ದ. ಒತ್ತಬೇಕಾದ ಜಾಗ ಖಾಲಿ ಇತ್ತು.

ದ್ಯಾವಯ್ಯನ ಮನೆ ಒಂದೇ ಅಂಕಣದ್ದು. ಅವನ ಹೆಂಡತಿ ಲಕ್ಕಮ್ಮ ಕಾರಿನ ಸದ್ದಿಗೇ ಮಜ್ಜಿಗೆ ಕಲಸಿ ತಂದಳು. ಭೀಮ ಜಗಲಿಯ ಕಂಬಕ್ಕೆ ಒರಗಿ, ಸೊಂಟಕ್ಕೆ ಅದೇ ಹೆಗಲವಸ್ತ್ರ ಕಟ್ಟಿಸಿಕೊಂಡು ಕೂತಿದ್ದ.

"ಅಕ್ಕಾ ಬಂತು. ಅಣ್ಣ... ಬರ್ನಿಲ್ವಾ?" ಎಂದ.

ಶಿವಕುಮಾರ್ ಜಗಲಿಯ ಮೇಲೆ ಆರಾಮಾಗಿ ಕೂತು, ಮಜ್ಜಿಗೆ ಕುಡಿದು, "ಏನ್ ದ್ಯಾವಣ್ಣ, ಈ ಸಲ ಸೊಪ್ಪು ಹೆಂಗೆ?" ಎಂದು ಮನೆಯವನ ಹಾಗೆ ಕೇಳಿದ. ಆಮೇಲೆ ಲಕೋಟೆ ತೆಗೆಸಿದ. "ಇದೇ ಆ ಪೆನ್ಷನ್ ಕಾಗದ. ಇಲ್ಲೊಂದು ನಿಂದು, ಅಲ್ಲೊಂದು ಹುಡುಗಂದು." ದ್ಯಾವಯ್ಯ ಕೈ ಪಂಚೆಗೆ ಒರೆಸಿಕೊಂಡು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿಯೇಬಿಟ್ಟ. ರಂಜಿತಾಳ ಬಾಯಿಯಿಂದ ಮಾತು ಹೊರಟಿದ್ದು ಅದು ಒತ್ತಿಯಾದ ಮೇಲೆ.

"ದ್ಯಾವಯ್ಯಾರೆ, ಅದ್ರಲ್ಲಿ ಏನ್ ಬರ್ದದೆ ಗೊತ್ತಾ?"

"ರಂಜಿತಾ," ಎಂದ ಶಿವಕುಮಾರ್.

ಅವಳು ನಿಲ್ಲಿಸಲಿಲ್ಲ. ಭೀಮ ನಿಮ್ಮ ಮನೆಯಲ್ಲಿ ಬೆಳೆದಿಲ್ಲ, ಚನ್ನರಾಯಪಟ್ಟಣದವರು ಕೂಸಿನಿಂದ ಸ್ವಂತ ಮಗನ ಹಾಗೆ ಸಾಕಿದರು, ಈಗಲೂ ಅವರೇ ಉಣ್ಣಿಸುತ್ತಿದ್ದಾರೆ ಎಂದು ಇದರಲ್ಲಿ ಇದೆ ಎಂದು ಒಂದೇ ಉಸಿರಿಗೆ ಹೇಳಿದಳು. ಲಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ದ್ಯಾವಯ್ಯ ತನ್ನ ನೀಲಿ ಹೆಬ್ಬೆರಳನ್ನು ಪಂಚೆಗೆ ಉಜ್ಜಿದ.

"ಇದುನ್ನ ಕೊಡ್ದಿದ್ರೆ ಪೆನ್ಸನ್ ಬತ್ತದಾ ಅವ್ವ?"

"ಇಲ್ಲ."

"ಕೊಟ್ರೆ?"

"ಕೊಟ್ರೂ ಬರಲ್ಲ."

"ಸಾಯೇಬ್ರು ಇವತ್ತು ಕೈಗೆ ಒಸಿ ಕೊಡ್ತೀನಿ ಅಂತವ್ರೆ. ಅದೊಂದು ಬತ್ತದೆ." ದ್ಯಾವಯ್ಯ ಮೇಲೆದ್ದ. "ಏನ್ಮಾಡಾನ ಏಳು ತಾಯಿ. ನೀನು ಓದ್ದೋಳು."



"ಆಯ್ತಲ್ಲ," ಎಂದು ಶಿವಕುಮಾರ್ ಮಸಿಪ್ಯಾಡು ಹಿಡಿದು ಭೀಮನ ಮುಂದೆ ಕುಕ್ಕರಗಾಲಲ್ಲಿ ಕೂತ. "ಬಾರಪ್ಪ ಭೀಮಸೇನ. ಒಂದು ಹೆಬ್ಬೆಟ್ಟು."

ಭೀಮನ ಕತ್ತು ತಿರುಗಿತು. ಪದಗಳು ಬರುವ ತನಕ ಶಿವಕುಮಾರನೂ ಕಾಯಬೇಕಾಯಿತು. "ನನ್ನ... ಒತ್ಕೊಂಡ್ ತಿರುಗ್ದೋನು ನಮ್ಮಪ್ಪ. ಬಸ್ನಾಗೆ... ಆಸ್ಪತ್ರೇಗೆ... ನಿಮ್ ಮೆಟ್ಲು ಮ್ಯಾಲೆ. ಇನ್ಯಾವನೋ ಸಾಕ್ದ ಅಂತ... ನಾನು ಒತ್ತಕಿಲ್ಲ."

"ಲೇ ತಮಾಷೆ ಮಾಡ್ಬ್ಯಾಡ ಕಣೋ."

"ಒತ್ತಕಿಲ್ಲ."

ಶಿವಕುಮಾರ್ ಅವನ ಬಲಗೈ ಹಿಡಿದು ಹೆಬ್ಬೆರಳು ಎಳೆದ. ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಎರಡೂ ಕೈ ಹಾಕಿ ಎಳೆದ. ಭೀಮನ ಹಲ್ಲು ಕಚ್ಚಿಕೊಂಡಿತು, ಗಂಟಲಿನಿಂದ ಒಂದು ಸದ್ದು ಬಂತು. ಮುಷ್ಟಿ ಬಿಚ್ಚಲಿಲ್ಲ. ಶಿವಕುಮಾರನ ಬಿಳಿ ಅಂಗಿಯ ತೋಳಿಗೆ ಮಸಿ ಹತ್ತಿತು.

"ದ್ಯಾವಣ್ಣ, ಬಂದು ಬಿಡ್ಸು ಮಾರಾಯ."

ದ್ಯಾವಯ್ಯ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. "ನಂದು ಒತ್ತಿವ್ನಿ ಸಾಮಿ. ಅವನ್ದು ಅವನ್ದೇ. ನಾನ್ ಮುಟ್ಟಾಕಿಲ್ಲ."

ಬಿಡಿಸುವುದು ಗೊತ್ತಿದ್ದ ಇನ್ನೊಬ್ಬರು ಅಲ್ಲಿದ್ದರು. ಶಿವಕುಮಾರನಿಗೆ ಅದು ಗೊತ್ತಿತ್ತು. ಭೀಮನಂಥವನ ಬೆರಳಚ್ಚನ್ನೂ ನಮ್ಮ ಹುಡುಗಿ ಒಂದು ನಿಮಿಷದಲ್ಲಿ ತೆಗೆದಳು ಎಂದು ಹೋದ ವರ್ಷ ಅವನೇ ಕಚೇರಿಯಲ್ಲಿ ಹೊಗಳಿದ್ದ.

"ರಂಜಿತಾ, ಬಾ ಇಲ್ಲಿ. ನಿಂಗೆ ಬತ್ತದಲ್ಲ."

ಅವಳು ಹೋಗಿ ಭೀಮನ ಪಕ್ಕದಲ್ಲಿ ಕೂತಳು. ಅವನ ಬಲಗೈಯನ್ನು ತನ್ನ ಎರಡು ಕೈಯಲ್ಲಿ ತೆಗೆದುಕೊಂಡಳು. ಎಳೆದಾಟಕ್ಕೆ ಅದು ಬಿಸಿಯಾಗಿತ್ತು, ಕೆಂಪಾಗಿತ್ತು. ಇದನ್ನು ಬಿಚ್ಚಲು ಭೀಮನ ಒಪ್ಪಿಗೆ ಬೇಕಿರಲಿಲ್ಲ. ಅವನು ಎಷ್ಟೇ ಹಟ ಹಿಡಿದರೂ ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ ಮುಂಗೈ ಸವರಿದರೆ ಬೆರಳುಗಳು ಅವನ ಮಾತು ಕೇಳದೆ ಬಿಚ್ಚಿಕೊಳ್ಳುತ್ತವೆ. ಭೀಮನಿಗೂ ಅದು ತಿಳಿದಿತ್ತು. ಅವನು ನಗುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

"ಬಗ್ಸು," ಎಂದ ಶಿವಕುಮಾರ್, ಕಾಗದವನ್ನು ಜಗಲಿಯ ಮೇಲೆ ಹರಡಿ, ಮಸಿಪ್ಯಾಡು ಮುಂದೆ ತಳ್ಳಿ. "ಟಿಕ್ ನಿಂದು ಅನ್ನೋದು ಮರೀಬ್ಯಾಡ."

ಮರೆತಿರಲಿಲ್ಲ. ತಾನು ಬಗ್ಗಿಸದಿದ್ದರೂ ಮಾಸಾಶನ ಬರುವುದಿಲ್ಲ ಎಂಬುದನ್ನೂ ಮರೆತಿರಲಿಲ್ಲ. ದ್ಯಾವಯ್ಯನ ಹೆಬ್ಬೆಟ್ಟು ಆಗಲೇ ಒಣಗುತ್ತಿತ್ತು. ನಾಳೆ ಕೆಳಗಿನ ಕೌಂಟರಿನಿಂದ ಇನ್ನೊಂದು ಕಂತೆ ಮೇಲೆ ಹತ್ತುತ್ತದೆ, ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತು ಟಿಕ್ ಹಾಕುತ್ತಾರೆ.

ಅವಳು ಭೀಮನ ಮುಷ್ಟಿಯನ್ನು, ಹೇಗಿತ್ತೋ ಹಾಗೆಯೇ, ಅವನ ಎದೆಯ ಮೇಲಿಟ್ಟಳು.

"ಬಗ್ಸಲ್ಲ ಸಾ."